ಆಳೆತ್ತರದ ಮೇಣದ ಬತ್ತಿ

"ಉರ್ಸಸ್, ಇಲ್ಲಿ ಬಾ. ನಾನು ಎಲ್ಲಿವರೆಗೆ ಬರ್ತೀನಿ ನೋಡು."

ನಮ್ಮ ಬಿಷಪ್ ಒಪ್ತಾತಸ್ ಮೇಣದ ಬತ್ತಿಗೆ ಬೆನ್ನು ಕೊಟ್ಟು, ಹಿಮ್ಮಡಿ ಎತ್ತಿ, ಗದ್ದ ಮೇಲೆ ಮಾಡಿಕೊಂಡು ನಿಂತಿದ್ದರು. ಸಂತ ಪ್ರೊಬಾತಸ್ಸರ ಸಮಾಧಿಯ ಪಕ್ಕದಲ್ಲಿ ಮರದ ಕಂಬಕ್ಕೆ ಬಿಗಿದು ನಿಲ್ಲಿಸಿದ್ದ ಬತ್ತಿ ಅದು. ಬೆಳಗಿನಿಂದ ಉರಿದು ಒಂದು ಗೇಣು ಕರಗಿತ್ತು. ಆದರೂ ಅವರ ಬೋಳು ನೆತ್ತಿ ಅದರ ಮುಕ್ಕಾಲು ಭಾಗಕ್ಕೂ ಮುಟ್ಟಿರಲಿಲ್ಲ.

"ಹಿಮ್ಮಡಿ ಇಳಿಸಿ ಸ್ವಾಮಿ. ಅಳತೆ ಅಂದಮೇಲೆ ನಿಯತ್ತಾಗಿರಬೇಕು."

"ಇಳಿಸಿದೆ. ಈಗ?"

"ಈಗ ಇನ್ನೂ ಕೆಳಗೆ ಹೋದಿರಿ."

"ಅಷ್ಟು ಖುಷಿಯಿಂದ ಹೇಳಬೇಡ ಕಣಯ್ಯಾ. ನೀನು ಬಾ. ನಿಮ್ಮಪ್ಪ ನಿನಗೆ ಉರ್ಸಸ್, ಕರಡಿ ಅಂತ ಸುಮ್ಮನೆ ಹೆಸರಿಡಲಿಲ್ಲ."

ನಾನು ಹೋಗಿ ನಿಂತೆ. ನಾನು ಅವರ ಡೀಕನ್, ಅಂದರೆ ಸಹಾಯಕ ಪಾದ್ರಿ; ವೆರ್ನಾಕ್ ಊರಿನ ಗುರುವರ್ಗದಲ್ಲಿ ನನಗಿಂತ ಎತ್ತರದವರಿಲ್ಲ. ಆ ಬತ್ತಿಯ ಬಿಸಿ ನನ್ನ ತಲೆಗೂದಲಿಗೆ ತಾಗುತ್ತಿತ್ತು, ಅಂದರೆ ಅದು ಹಚ್ಚುವ ಮೊದಲು ನನಗಿಂತ ಒಂದು ಗೇಣು ಮೇಲಿತ್ತು. ಬಿಷಪ್ಪರು ಅದನ್ನು ನೋಡಿ ತಮ್ಮ ದುಂಡನೆಯ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡರು. ಅವರು ಹಾಗೆ ಕೈ ಕಟ್ಟಿದರೆಂದರೆ ಯಾರದೋ ಗುಟ್ಟು ಬಯಲಾಗುವ ಹೊತ್ತು ಬಂತು ಎಂದೇ ಅರ್ಥ.

ಅಲ್ಲೇ ಕೆಳಗೆ, ಸಮಾಧಿಯ ಕಲ್ಲಿಗೆ ಆತುಕೊಂಡು ಅಂಬಿಗ ಮೌರಿಲೊ ಕೂತಿದ್ದ. ರಾಜನ ಪರವಾಗಿ ಊರಾಳುವ ಕೌಂಟ್ ಬೆರ್ತುಲ್ಫನ ಅಣ್ಣನ ಮಗ ಗರಾರಿಕನನ್ನು ಕೊಂದು ಹೊಳೆಗೆ ಹಾಕಿದ ಎಂಬ ಆರೋಪ ಹೊತ್ತು ಓಡಿಬಂದು, ಯಾರೂ ಎಳೆದೊಯ್ಯಬಾರದ ಈ ಸಮಾಧಿಯ ಬಳಿ ಆಸರೆ ಪಡೆದಿದ್ದ. ಮಧ್ಯಾಹ್ನದ ಪ್ರಾರ್ಥನೆಗೆ ಕೌಂಟ್ ಬರುವವನಿದ್ದ. ಅಷ್ಟರಲ್ಲಿ ಮೌರಿಲೊ ಸಮಾಧಿಯ ಮೇಲೆ ಕೈಯಿಟ್ಟು 'ನಾನು ಕೊಂದಿಲ್ಲ' ಎಂದು ಪ್ರಮಾಣ ಮಾಡಬೇಕಿತ್ತು. ಇಲ್ಲವಾದರೆ ಹೊಳೆದಂಡೆಯ ಓಕ್ ಮರಕ್ಕೆ ಹಗ್ಗ ಬೀಳುತ್ತಿತ್ತು.

ಪ್ರಮಾಣ ಮಾಡಿದರೆ ಎಲ್ಲ ಮುಗಿದುಹೋಗುತ್ತಿತ್ತು. ಸಂತರ ಮುಂದೆ ಮಾಡಿದ ಪ್ರಮಾಣವನ್ನು ಪ್ರಶ್ನಿಸುವ ಎದೆಗಾರಿಕೆ ರಾಜನಿಗೂ ಇಲ್ಲ. ಆದರೆ ಈ ಮನುಷ್ಯ ಒಪ್ಪುತ್ತಿರಲಿಲ್ಲ.

"ಮೌರಿಲೊ, ಇನ್ನೊಂದು ಸಲ ಕೇಳ್ತೀನಿ. ನೀನು ಅವನನ್ನ ಮುಟ್ಟಿದ್ದೀಯಾ?" ಬಿಷಪ್ಪರು ಕುಕ್ಕರುಗಾಲಿನಲ್ಲಿ ಅವನೆದುರು ಕೂತರು.

"ಮುಟ್ಟಿಲ್ಲ ಸ್ವಾಮ್ಯಾರೇ."

"ಮತ್ತೆ ಹಾಗಂತ ಪ್ರಮಾಣ ಮಾಡಪ್ಪ!"

"ಹೆಂಗ್ ಮಾಡ್ಲಿ? ನನ್ನ ದೋಣಿ ಸುಟ್ಟ ಅವ್ನು. ನಾಯಿಗಳನ್ನ ಮೊದ್ಲು ದಾಟಿಸು ಅಂದ, ಹೆಣ ಹೊತ್ಕೊಂಡು ನಿಂತೋರಿದ್ರು, ಆಗಾಕಿಲ್ಲ ಅಂದೆ. ಅದಕ್ಕೇ ಸುಟ್ಟ. ನಾನಿಲ್ಲಿಗೆ ಬಂದು ಹುಟ್ಟುಗೋಲಿಂದ ಈ ಕಲ್ಲು ಬಡಿದೆ. ಏಳಪ್ಪಾ ಸಂತಪ್ಪಾ, ಆ ಗರಾರಿಕನ್ನ ಹೊಳೇನೇ ನುಂಗ್ಲಿ ಅಂದೆ. ನುಂಗ್ತು. ಕೈ ಸಂತರದ್ದು ಇರ್ಬೋದು, ಕೊಲೆ ನಂದೇ ಅಲ್ವಾ?"

ಬಿಷಪ್ಪರು ನನ್ನ ಕಡೆ ನೋಡಿದರು. ನಾನು ಛಾವಣಿ ನೋಡಿದೆ. ಸಂತರನ್ನು ಬಡಿದೆಬ್ಬಿಸಿ ಶತ್ರುವಿನ ಮೇಲೆ ಬಿಡುವುದು ನಮ್ಮೂರಿನ ಹಳೆಯ ಚಾಳಿ. ಮಾಡಬೇಡಿ ಎಂದು ಬಿಷಪ್ಪರು ವರ್ಷವಿಡೀ ಉಪದೇಶ ಮಾಡುತ್ತಾರೆ, ಜನ ವರ್ಷವಿಡೀ ಬಡಿಯುತ್ತಾರೆ. ಬಡಿದಮೇಲೆ ಶತ್ರು ಸತ್ತರೆ ಪಾಪ ಯಾರ ತಲೆಗೆ ಎಂದು ಕೇಳಿದವರು ಮಾತ್ರ ಇಷ್ಟು ದಿನ ಯಾರೂ ಇರಲಿಲ್ಲ. ಇಂಥ ಪ್ರಾಮಾಣಿಕ ಮೂರ್ಖನ ಮೇಲೆ ನನಗೆ ಕೋಪವೂ ಬಂತು, ಅಕ್ಕರೆಯೂ ಬಂತು.

"ಸಂತರು ನಿನ್ನ ಆಳಲ್ಲ ಮೌರಿಲೊ, ನೀನು ಹೇಳಿದವರನ್ನೆಲ್ಲ ಮುಳುಗಿಸೋಕೆ."

"ಹಂಗಂದ್ರೆ ನನ್ನ ಮಾತು ಕೇಳಿಸ್ಕೊಳ್ಳಲಿಲ್ಲ ಅಂತೀರಾ? ನೀವೇ ಹೇಳ್ತೀರಲ್ಲ, ಬಡವನ ಮಾತು ಮೊದ್ಲು ಕೇಳ್ತಾರೆ ಅಂತ."

ಬಿಷಪ್ಪರು ಎದ್ದು ಮತ್ತೆ ಬತ್ತಿಯ ಹತ್ತಿರ ಹೋದರು.

"ಬ್ಲಾಂದಾ, ಇದನ್ನ ಯಾರು ತಂದರು ಅಂದೆ?"

ಸಮಾಧಿಯ ಸುತ್ತ ಕಸ ಗುಡಿಸುತ್ತಿದ್ದ ಮುದುಕಿ ಬ್ಲಾಂದಾ ಪೊರಕೆ ನಿಲ್ಲಿಸಿದಳು. ಚರ್ಚಿನ ಅನ್ನ ಉಣ್ಣುವ ಬಡವರಲ್ಲಿ ಅವಳೇ ಹಿರಿಯಳು. ಮಾತಾಡಲು ಯಾರಾದರೂ ಸಿಕ್ಕಿದರೆ ಸಾಕು, ಅವಳ ಮಂಡಿನೋವು ಮಾಯವಾಗುತ್ತದೆ.

"ಕೌಂಟರ ಹೆಂಡ್ತಿ ಆಲ್ದಮ್ಮ ಸ್ವಾಮಿ. ಬೆಳಕು ಹರಿಯೋಕ್ಮುಂಚೆ ಬಂದ್ರು. ಮಗಳಿಗೆ ಜ್ವರವಂತೆ. ಅಳ್ತಾ ಅಳ್ತಾ ತಾವೇ ಹಚ್ಚಿದ್ರು."

"ಮಗಳು ಎಷ್ಟುದ್ದ ಇದ್ದಾಳೆ?"

ಬ್ಲಾಂದಾ ತನ್ನ ಸೊಂಟದ ಹತ್ತಿರ ಕೈ ತೋರಿಸಿದಳು. ತೋರಿಸಿದ ಮೇಲೆ ಬತ್ತಿಯನ್ನು ನೋಡಿ, "ಅಯ್ಯೋ ನನ್ನವ್ವಾ" ಎಂದಳು.

ಕಾಯಿಲೆಯವರಿಗೆ ನಮ್ಮಲ್ಲಿ ಹೀಗೆ ಬತ್ತಿ ಕೊಡುತ್ತೇವೆ. ಮಲಗಿದವರ ನೆತ್ತಿಯಿಂದ ಹಿಮ್ಮಡಿಯವರೆಗೆ ನೂಲು ಹಿಡಿದು ಅಳೆದು, ಅದೇ ನೂಲಿಗೆ ಮೇಣ ಸುತ್ತಿ ಸಂತರ ಮುಂದೆ ಹಚ್ಚುವುದು. ನೂಲು ಒಂದು ಬೆರಳು ಕಡಿಮೆಯಾದರೆ ಅಷ್ಟು ಕಾಯಿಲೆ ಮೈಯಲ್ಲೇ ಉಳಿಯುತ್ತದೆ. ಹಾಗಾಗಿ ಎಂಥ ಜಿಪುಣನೂ ಈ ಅಳತೆಯಲ್ಲಿ ಕೈ ಬಿಗಿಹಿಡಿಯುವುದಿಲ್ಲ, ಎಂಥ ಸುಳ್ಳನೂ ಇದರಲ್ಲಿ ಸುಳ್ಳು ಹೇಳುವುದಿಲ್ಲ. ಸತ್ತವರಿಗಂತೂ ಇದನ್ನು ಕೊಡುವಂತೆಯೇ ಇಲ್ಲ, ಅವರಿಗೆ ಎಣ್ಣೆಯ ದೀಪ.

"ಈ ಊರಲ್ಲಿ ಇಷ್ಟುದ್ದ ಯಾರಿದ್ದಾರೆ ಉರ್ಸಸ್?"

ಪ್ರತಿ ಭಾನುವಾರ ನಮ್ಮ ಚರ್ಚಿನ ಬಾಗಿಲಿಗೆ ಹಣೆ ಹೊಡೆದುಕೊಂಡು ಬೈಯುತ್ತಾ ಒಳಗೆ ಬರುತ್ತಿದ್ದವನು ಒಬ್ಬನೇ.

"ಗರಾರಿಕ್," ಎಂದೆ.

"ಬದುಕಿದ್ದಾನೆ," ಎಂದರು ಬಿಷಪ್ಪರು ಪಿಸುಮಾತಿನಲ್ಲಿ. "ಕಾಯಿಲೆಯೋ ಗಾಯವೋ, ಅಂತೂ ಬದುಕಿದ್ದಾನೆ. ರೇವಿನ ಹತ್ತಿರ ರಕ್ತದ ಮೇಲಂಗಿ ಸಿಕ್ಕಿತು, ಹೆಣ ಸಿಗಲಿಲ್ಲ. ಹೊಳೆ ಅಲ್ಲಿಂದ ತಿರುಗೋದೇ ಕೌಂಟನ ದ್ರಾಕ್ಷಿ ತೋಟದ ಕಡೆಗೆ."

ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಬೇಳೆಯ ಗಂಜಿಯ ವಾಸನೆ ಬಂತು. ಹಿಂದೆಯೇ ರುಸ್ತಿಕಾ ಅಮ್ಮನವರು ಬಂದರು.

ರುಸ್ತಿಕಾ ಅಮ್ಮ ನಮ್ಮ ಬಿಷಪ್ಪರ ಹೆಂಡತಿ. ಅಂದರೆ ಹಿಂದೆ. ಸಂಸಾರಸ್ಥ ಬಿಷಪ್ಪನಾದರೆ ಹೆಂಡತಿ ಅಂದಿನಿಂದ ತಂಗಿ ಎಂಬುದು ಧರ್ಮಸಭೆಗಳ ಕಟ್ಟಳೆ. ಅಂಗಳದ ಆಚೆ ಬದಿಯಲ್ಲಿ ಅವರಿಗೆ ಬೇರೆ ಮನೆ, ಬೇರೆ ಒಲೆ. ಊರಿನವರ ಮುಂದೆ ಗಂಡನನ್ನು ಅಣ್ಣಾ ಎಂದೇ ಕರೆಯಬೇಕು. ಆ ಒಂದು ಪದದಲ್ಲಿ ಬೈಗುಳ, ತಮಾಷೆ, ಪ್ರೀತಿ ಎಲ್ಲವನ್ನೂ ತುಂಬುವುದನ್ನು ಅವರು ಚೆನ್ನಾಗಿ ಕಲಿತಿದ್ದರು.

"ಅಣ್ಣಾ, ಬೆಳಗಿನಿಂದ ಏನೂ ತಿಂದಿಲ್ಲವಂತೆ. ಹೊಟ್ಟೆ ಕರಗಿಸಿ ಬತ್ತಿಯಷ್ಟು ತೆಳ್ಳಗಾಗೋ ಯೋಚನೆಯಾ?"

"ಗಂಜಿ ಮೌರಿಲೊಗೆ ಕೊಡು ತಂಗಿ."

"ಅವನಿಗೂ ಇದೆ, ನಿಮಗೂ ಇದೆ. ಬಾಗಿಲಲ್ಲಿ ಕೌಂಟನ ಆಳುಗಳು ತಡೆದರು. ಒಳಗೆ ಊಟ ಬಿಡಬಾರದಂತೆ. ನಿಮ್ಮಮ್ಮನ ಹೆರಿಗೆ ಮಾಡಿಸಿದವಳು ನಾನು ಕಣೋ ಅಂದೆ. ಬಿಟ್ಟರು."

"ನಿಜವಾಗಲೂ ಮಾಡಿಸಿದ್ದೆಯಾ?"

"ಯಾರದೋ ಒಬ್ಬರದ್ದು ಮಾಡಿಸಿದ್ದೀನಿ."

ಬಿಷಪ್ಪರು ಬತ್ತಿಯ ವಿಷಯ ಹೇಳಿದರು. ರುಸ್ತಿಕಾ ಅಮ್ಮ ನಗು ನಿಲ್ಲಿಸಿ, ಬತ್ತಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಕೌಂಟನ ಹೆಂಡತಿ ಆಲ್ದಾ ಎಂದರೆ ಅಮ್ಮನವರ ಕಣ್ಣೆದುರು ಬೆಳೆದ ಹುಡುಗಿ, ತಾಯಿಯಿಲ್ಲದವಳು, ನೂಲುವುದನ್ನು ಇವರಿಂದಲೇ ಕಲಿತವಳು.

"ಹಾಗಾದರೆ ಕೌಂಟನೇ ಅವನನ್ನ ಬಚ್ಚಿಟ್ಟು ನಾಟಕ ಆಡ್ತಿದ್ದಾನೆ ಅಂತೀರಾ?"

"ಮತ್ತೇನು? ರೇವು ಚರ್ಚಿನದು, ದೋಣಿ ಚರ್ಚಿನ ಒಕ್ಕಲಿನದು. ಅಂಬಿಗನನ್ನ ನೇಣು ಹಾಕಿಸಿದರೆ ರೇವು ಕೌಂಟನ ಕೈಗೆ ಹೋಗುತ್ತೆ. ಇವತ್ತು ಬರಲಿ. ಗರಾರಿಕ್ ಸತ್ತಿದ್ದಾನೆ ಅಂತ ಸಂತರ ಮೇಲೆ ಕೈಯಿಟ್ಟು ಪ್ರಮಾಣ ಮಾಡು ಅಂತೀನಿ. ಕೈ ನಡುಗುತ್ತೆ. ಆಗ ಈ ಬತ್ತಿ ತೋರಿಸ್ತೀನಿ."

ಅವರ ಮುಖದಲ್ಲಿ ಮಕ್ಕಳ ಸಂಭ್ರಮವಿತ್ತು. ನನಗೂ ಅದು ಹಿಡಿಸಿತು. ರುಸ್ತಿಕಾ ಅಮ್ಮ ಮಾತ್ರ ಗಂಜಿ ಬಡಿಸುತ್ತಾ ಏನೋ ಯೋಚನೆ ಮಾಡುತ್ತಿದ್ದರು.

ಮಧ್ಯಾಹ್ನದ ಪ್ರಾರ್ಥನೆಯ ಕೊನೆಯ ಕೀರ್ತನೆ ಮುಗಿಯುತ್ತಿದ್ದಂತೆ ಕೌಂಟ್ ಬೆರ್ತುಲ್ಫ್ ಬಂದ. ಪದ್ಧತಿಯಂತೆ ಕತ್ತಿಯನ್ನು ಬಾಗಿಲಲ್ಲಿ ಬಿಟ್ಟು, ಆಳುಗಳನ್ನು ಅಂಗಳದಲ್ಲಿ ನಿಲ್ಲಿಸಿ, ಒಬ್ಬನೇ ಒಳಗೆ ನಡೆದ. ಚೆಂದದ ಮೀಸೆ, ಗಟ್ಟಿ ಮೈಕಟ್ಟಿನ ಮನುಷ್ಯ. ಮಾತು ಯಾವಾಗಲೂ ಮೆತ್ತಗೆ.

"ಸ್ವಾಮಿ, ಊಟ ಆಯ್ತಾ?"

"ನಿಮ್ಮ ಆಳುಗಳ ಕೃಪೆಯಿಂದ ಅರ್ಧ ಆಯ್ತು."

"ಹುಡುಗರು. ಹೇಳ್ತೀನಿ ಬಿಡಿ. ಅಂಬಿಗ ಪ್ರಮಾಣ ಮಾಡ್ತಾನಾ, ಹೊರಗೆ ಬರ್ತಾನಾ?"

"ಎಳೆದುಕೊಂಡು ಹೋಗೋ ಯೋಚನೆ ಇದ್ದರೆ ಈಗಲೇ ಹೇಳಿಬಿಡ್ತೀನಿ ಕೌಂಟರೇ. ದೀಪ ಆರಿಸ್ತೀನಿ. ಬಾಗಿಲಿಗೆ ಮುಳ್ಳು ಜಡೀತೀನಿ. ಈ ಊರಲ್ಲಿ ಮದುವೆ ಇಲ್ಲ, ದೀಕ್ಷಾಸ್ನಾನ ಇಲ್ಲ, ಹೆಣಕ್ಕೆ ಮಂತ್ರ ಇಲ್ಲ. ಆಮೇಲೆ ನಿಮ್ಮ ಆಳುಗಳ ಹೆಂಡಂದಿರೇ ನಿಮ್ಮನ್ನ ನೋಡ್ಕೋತಾರೆ."

ಕೌಂಟ್ ನಕ್ಕ. ಆದರೂ ಒಂದು ಹೆಜ್ಜೆ ಹಿಂದೆ ಸರಿದ. ನಮ್ಮ ಬಿಷಪ್ಪರು ನೋಡಲು ಕುಳ್ಳಗೆ, ಹಿಟ್ಟಿನ ಚೀಲದ ಹಾಗೆ. ಆದರೆ ಬರಗಾಲದಲ್ಲಿ ಕಣಜ ತೆರೆದವರು, ದಂಡು ಹಿಡಿದುಕೊಂಡು ಹೋದವರನ್ನು ಬೆಳ್ಳಿಯ ಪಾತ್ರೆ ಕೊಟ್ಟು ಬಿಡಿಸಿ ತಂದವರು. ಅವರು ಮುಳ್ಳು ಜಡಿದರೆ ಊರು ಯಾರ ಕಡೆ ನಿಲ್ಲುತ್ತದೆ ಎಂಬುದು ಕೌಂಟನಿಗೂ ಗೊತ್ತಿತ್ತು.

"ಎಳೆಯೋದು ಯಾಕೆ? ಪ್ರಮಾಣ ಮಾಡಲಿ ಸಾಕು."

"ಮಾಡ್ತಾನೆ. ಮೊದಲು ನೀವು ಮಾಡಿ. ದೂರು ಕೊಟ್ಟವರು ನೀವು. ಗರಾರಿಕ್ ಸತ್ತಿದ್ದಾನೆ ಅಂತ ಮೊದಲು ಗೊತ್ತಾಗಲಿ."

ಬಿಷಪ್ಪರ ಬಲಗೈ ಆಗಲೇ ಬತ್ತಿಯನ್ನು ತೋರಿಸಲು ಮೇಲೇಳುತ್ತಿತ್ತು.

ಕೌಂಟ್ ಸೀದಾ ಬಂದು ಸಮಾಧಿಯ ಮೇಲೆ ಅಂಗೈ ಅಗಲಿಸಿ ಇಟ್ಟ.

"ನನ್ನ ಅಣ್ಣನ ಮಗ ಗರಾರಿಕ್ ಸತ್ತಿದ್ದಾನೆ. ಇದು ಸುಳ್ಳಾದರೆ ಈ ಕೈ ಒಣಗಿ ಹೋಗಲಿ."

ಕೈ ನಡುಗಲಿಲ್ಲ. ಮಾತು ತಡವರಿಸಲಿಲ್ಲ. ಅವನು ಹೇಳಿದ್ದನ್ನು ಅವನು ಮನಸಾರೆ ನಂಬಿದ್ದ.

ಬಿಷಪ್ಪರ ಕೈ ಅರ್ಧಕ್ಕೆ ನಿಂತಿತು. ಆಮೇಲೆ ಅದು ಮೆಲ್ಲಗೆ ತಿರುಗಿ ಅವರ ಕಿವಿ ಕೆರೆಯಿತು. ನಾನು ಅವರ ಮುಖ ನೋಡಿದೆ. ಅಲ್ಲಿ ಸಂಭ್ರಮ ಹೋಗಿ ಭಯ ಬಂದಿತ್ತು.

ನನ್ನ ದಪ್ಪ ತಲೆಗೆ ಅದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಗರಾರಿಕ್ ಬದುಕಿರುವುದು ಆಲ್ದಾಗೆ ಗೊತ್ತು, ಅವಳ ಗಂಡನಿಗೆ ಗೊತ್ತಿಲ್ಲ. ಗಾಯಗೊಂಡ ಮನೆಮಗನನ್ನು ಹೆಂಡತಿ ಗಂಡನ ಕಣ್ಣು ತಪ್ಪಿಸಿ ಬಚ್ಚಿಟ್ಟಿದ್ದಾಳೆ. ಅಂದರೆ ಗಾಯ ಮಾಡಿದವನು ಯಾರು? ಗರಾರಿಕನ ಅಪ್ಪ ಬಿಟ್ಟುಹೋದ ಜಮೀನು ಈಗ ಕೌಂಟನ ಕೈಯಲ್ಲಿದೆ. ಹುಡುಗ ದೊಡ್ಡವನಾಗಿದ್ದ, ಈ ಸುಗ್ಗಿಗೆ ಅದನ್ನು ಕೇಳುವವನಿದ್ದ.

ಈಗ ಬತ್ತಿ ತೋರಿಸಿದರೆ ಮೌರಿಲೊ ಉಳಿಯುತ್ತಾನೆ. ಆದರೆ ಕೌಂಟ್ ಇಲ್ಲಿಂದ ಸೀದಾ ಮನೆಗೆ ಹೋಗಿ ಶುರು ಮಾಡಿದ್ದನ್ನು ಮುಗಿಸುತ್ತಾನೆ.

"ನನ್ನ ಪ್ರಮಾಣ ಆಯ್ತು," ಎಂದ ಕೌಂಟ್. "ಈಗ ಅವನದು."

"ಆಗಲಿ, ಆಗಲಿ. ಅದಕ್ಕೆ ಮುಂಚೆ ಒಂದು ಕೀರ್ತನೆ. ಉರ್ಸಸ್, ಉದ್ದದ್ದು ಯಾವುದಿದೆ?"

"ಸ್ವಾಮಿ," ಕೌಂಟನ ದನಿ ಇನ್ನೂ ಮೆತ್ತಗಾಯಿತು. "ನಾನು ರಾಜನ ಹತ್ತಿರ ಹೋದರೆ ಏನು ಹೇಳಬೇಕಾಗುತ್ತೆ ಗೊತ್ತಾ? ವೆರ್ನಾಕಿನ ಬಿಷಪ್ಪರು ಕೊಲೆಗಾರನಿಗೆ ಗಂಜಿ ಹಾಕಿ ಸಾಕ್ತಿದ್ದಾರೆ ಅಂತ. ಪೀಠದಿಂದ ಇಳಿಸಿ ದೇಶದಾಚೆ ಕಳಿಸಿದ ಬಿಷಪ್ಪರು ನಿಮಗೂ ಗೊತ್ತು. ಈ ವಯಸ್ಸಲ್ಲಿ, ಈ ಹೊಟ್ಟೆ ಹೊತ್ಕೊಂಡು ಎಲ್ಲಿ ಅಲೀತೀರಾ?"

ಬಿಷಪ್ಪರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೌರಿಲೊ ಎದ್ದು ನಿಂತ.

"ನನ್ನಿಂದ ಸ್ವಾಮ್ಯಾರಿಗೆ ತೊಂದ್ರೆ ಬ್ಯಾಡ."

"ಕೂತ್ಕೋ ಮೌರಿಲೊ!"

"ಬರಗಾಲ್ದಾಗೆ ನನ್ನ ಮಕ್ಕಳ ಬಾಯಿಗೆ ಅನ್ನ ಇಟ್ಟೋರು ನೀವು. ನಿಮ್ಮನ್ನ ದೇಶ ಬಿಡಿಸಿ ನಾನು ಬದುಕ್ಲಾ? ಅವನ್ನ ಸಾಯಿಸಿದ್ದು ನಾನೇ. ಹೆಂಗೆ ಅಂತ ಸಂತರಿಗೆ ಗೊತ್ತು."

"ನೀನಲ್ಲವೋ, ನಿನ್ನ ದಮ್ಮಯ್ಯ, ನೀನಲ್ಲ!" ಬಿಷಪ್ಪರು ಅವನ ತೋಳು ಹಿಡಿದರು. ದೋಣಿ ನಡೆಸಿದ ತೋಳು ಅದು. ಅವನು ಮಗುವಿನ ಬೆರಳು ಬಿಡಿಸುವಂತೆ ಅವರ ಬೆರಳುಗಳನ್ನು ಬಿಡಿಸಿ, ಬಗ್ಗಿ ಅವರ ಕೈಗೆ ಮುತ್ತಿಟ್ಟು, ಹೊಸಿಲು ದಾಟಿ ಹೊರಟುಹೋದ.

ಆಗ ನಾನು ಕೌಂಟನನ್ನು ನೋಡಿದೆ. ಒಂದು ಗಳಿಗೆ ಅವನು ಕಕ್ಕಾಬಿಕ್ಕಿಯಾಗಿದ್ದ. ಈ ಅಂಬಿಗ ಕೊಂದಿಲ್ಲವೆಂದು ಆ ಜಾಗದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ. ಆಮೇಲೆ ಮೀಸೆಯ ಕೆಳಗೆ ನಗು ಬಂತು.

"ನೋಡಿದಿರಾ, ನಾನೇನೂ ಎಳೀಲಿಲ್ಲ."

"ನ್ಯಾಯಸಭೆ ಸೇರಲಿ. ವಿಚಾರಣೆ ಆಗಲಿ. ಅಲ್ಲಿವರೆಗೆ ಅವನ ಮೈ ಮುಟ್ಟಕೂಡದು!"

"ತಾನೇ ಒಪ್ಪಿಕೊಂಡ ಮೇಲೆ ವಿಚಾರಣೆ ಏನು ಸ್ವಾಮಿ?" ಅಂಗಳಕ್ಕೆ ಕೇಳುವಂತೆ ಕೂಗಿದ, "ಹೊಳೆದಂಡೆಗೆ ಕರ್ಕೊಂಡು ನಡೀರೋ!"

ಬಾಗಿಲಲ್ಲಿ ಕತ್ತಿ ಕಟ್ಟಿಕೊಳ್ಳುತ್ತಾ ಅವನು ಕೊನೆಯ ಸಲ ಹಿಂದಿರುಗಿ ನೋಡಿದ. ಆ ನೋಟ ಮೇಲಕ್ಕೆ ಹೋಯಿತು.

"ಯಾರದು ಅದು, ಅಷ್ಟುದ್ದ?"

ರುಸ್ತಿಕಾ ಅಮ್ಮ ಗಂಜಿಯ ಮಡಕೆಯನ್ನು ಬೇಕೆಂದೇ ಕೆಳಗೆ ಬಿಟ್ಟರು. ಅದು ಒಡೆದು ಚೂರಾಯಿತು. ಆದರೆ ಕೌಂಟರು ಕೇಳಿದರೆ ಉತ್ತರ ಕೊಡದೆ ಇರುವುದುಂಟೇ ಎಂದು ಬ್ಲಾಂದಾ ಪೊರಕೆ ಊರಿಕೊಂಡು ಮುಂದೆ ಬಂದಾಗಿತ್ತು.

"ನಿಮ್ಮನೇದೇ ಒಡೆಯಾ! ಮಗುವಿಗೆ ಜ್ವರ ಅಂತ ಆಲ್ದಮ್ಮಾರು ತಂದಿದ್ದು. ದೇವರು ಒಳ್ಳೇದು ಮಾಡ್ಲಿ."

ಕೌಂಟ್ ವಾಪಸು ಬಂದ. ಬತ್ತಿಯ ಪಕ್ಕದಲ್ಲಿ ನಿಂತು ತಲೆಯೆತ್ತಿ ನೋಡಿದ. ಕೊನೆಗೆ ಬೆರಳು ಎಂಜಲು ಮಾಡಿಕೊಂಡು, ಕೈ ಮೇಲೆತ್ತಿ, ಉರಿಯನ್ನು ಹಿಸುಕಿ ಆರಿಸಿದ.

"ಮಗು ಹುಷಾರಾಗಿದೆ," ಎಂದ ಬ್ಲಾಂದಾಗೆ. "ಬೆಳಗ್ಗೆ ನನ್ನ ಹೆಗಲ ಮೇಲೆ ಕೂತಿತ್ತು."

ಅಂಗಳದಲ್ಲಿ ಆಳುಗಳಿಗೆ ಅವನು ಹೇಳಿದ್ದು ನಮಗೆ ಕೇಳಿಸಿತು. "ನೀವು ಕೆಲಸ ಮುಗಿಸಿ. ನಾನು ಮನೆಗೆ ಹೋಗಿ ಬರ್ತೀನಿ."

ಅಂಗಳದಿಂದ ದಾರಿ ಎರಡಾಗುತ್ತದೆ. ಎಡಕ್ಕೆ ಹೊಳೆ, ಬಲಕ್ಕೆ ಕೌಂಟನ ಮನೆ. ಬಿಷಪ್ಪರು ಹೊಸಿಲಲ್ಲಿ ನಿಂತು ಅತ್ತ ನೋಡಿದರು, ಇತ್ತ ನೋಡಿದರು.

"ಅಣ್ಣಾ, ನೀವು ಹೊಳೆಗೆ ಹೋಗಿ," ರುಸ್ತಿಕಾ ಅಮ್ಮ ಮೇಲುಹೊದಿಕೆ ಬಿಗಿದು ಆಗಲೇ ಮೆಟ್ಟಿಲಿಳಿದಿದ್ದರು. "ಊರನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಆ ಮರದ ಕೆಳಗೆ ಕೂತುಬಿಡಿ. ನಿಮ್ಮ ಮೈ ಮುಟ್ಟೋಕೆ ಆ ಹುಡುಗರಿಗೆ ಧೈರ್ಯ ಇಲ್ಲ. ಆಲ್ದಾ ಮನೆ ನನಗೆ ಬಿಡಿ. ಈರುಳ್ಳಿ ತೋಟದೊಳಗೆ ಹೋದರೆ ಅವನಿಗಿಂತ ಮೊದಲು ಸೇರ್ತೀನಿ."

"ಬೇಡ. ಅವನ ಕೈಯಲ್ಲಿ ಕತ್ತಿ ಇದೆ, ರುಸ್ತಿಕಾ."

ಹೆಸರು ಹಿಡಿದು ಕರೆದಿದ್ದಕ್ಕೆ ಅಮ್ಮ ಒಮ್ಮೆ ನಿಂತರು. ಅವರ ಕಣ್ಣು ತುಂಬಿತು.

"ನನ್ನ ಕೈಯಲ್ಲಿ ಬೆಳೆದ ಹುಡುಗಿ ಅವಳು. ಒಬ್ಬಳೇ ಇದ್ದಾಳೆ," ಎಂದಷ್ಟೇ ಹೇಳಿ ನಡೆದುಬಿಟ್ಟರು.

"ಉರ್ಸಸ್, ಅವಳ ಹಿಂದೆ ಹೋಗು!" ಎಂದು ಕೂಗಿ, ಬಿಷಪ್ಪರು ನಿಲುವಂಗಿಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ ಹೊಳೆಯ ಕಡೆ ಓಡಿದರು. ದಾರಿಯುದ್ದಕ್ಕೂ ಬಾಗಿಲು ಬಡಿಯುತ್ತಾ, ಜನರನ್ನು ಹೆಸರು ಹಿಡಿದು ಕೂಗುತ್ತಾ ಹೋದ ಅವರ ದನಿ ದೂರದವರೆಗೂ ಕೇಳುತ್ತಿತ್ತು.

ನಾನು ತೋಟದ ಬೇಲಿ ಮುರಿದುಕೊಂಡು ಓಡಿದೆ. ಅಮ್ಮನವರು ನನಗಿಂತ ಮುಂದಿದ್ದರು, ಆ ವಯಸ್ಸಿನಲ್ಲಿ! ಕೌಂಟನ ಮನೆಯ ಹಿತ್ತಿಲಲ್ಲಿ ದ್ರಾಕ್ಷಿ ಹಿಂಡುವ ಕೊಟ್ಟಿಗೆಯಿದೆ. ಅದರ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಆಲ್ದಾ ಕೈ ಚಾಚಿ ಅಮ್ಮನವರನ್ನು ಎಳೆದುಕೊಂಡಳು. ಅವಳ ಮುಖ ಬಿಳುಚಿತ್ತು, ಕಣ್ಣು ನನ್ನ ಕಡೆಗಿರಲಿಲ್ಲ, ನನ್ನ ಹಿಂದೆ ಏನನ್ನೋ ನೋಡುತ್ತಿತ್ತು.

ನಾನು ತಿರುಗುವ ಮೊದಲೇ ನನ್ನ ಹೆಗಲ ಮೇಲೆ ಒಂದು ಕೈ ಬಿತ್ತು.

"ಡೀಕನ್ನರೇ, ನೀವು ಹೊಳೆಗೆ ಹೋಗಿ. ಅಲ್ಲಿ ಪ್ರಾರ್ಥನೆ ಮಾಡೋರು ಬೇಕಾಗುತ್ತೆ."

ಕೌಂಟ್ ನನ್ನನ್ನು ಪಕ್ಕಕ್ಕೆ ತಳ್ಳಿ ಬೀಳಿಸಿ, ತಲೆ ಬಗ್ಗಿಸಿ ಒಳಗೆ ಹೋದ. ನಾನು ಎದ್ದು ಬಾಗಿಲಿಗೆ ಬೀಳುವಷ್ಟರಲ್ಲಿ ಒಳಗಿನಿಂದ ಅಗುಳಿ ಬಿತ್ತು. ಕರಡಿಯಂಥ ಮೈಯನ್ನೆಲ್ಲ ಹಾಕಿ ಗುದ್ದಿದರೂ ಆ ಓಕ್ ಹಲಗೆ ಅಲುಗಲಿಲ್ಲ.

ಒಳಗೆ ಒರೆಯಿಂದ ಕತ್ತಿ ಎಳೆದ ಸದ್ದು. ಅದರ ಹಿಂದೆಯೇ ರುಸ್ತಿಕಾ ಅಮ್ಮನವರ ದನಿ, ಜ್ವರದ ಮಗುವನ್ನು ಸಮಾಧಾನ ಮಾಡುವ ದನಿ.

"ಗರಾರಿಕ್, ಏಳಬೇಡಪ್ಪ. ಮಲಗಿರು. ಇವರ ಹತ್ತಿರ ನಾನು ಮಾತಾಡ್ತೀನಿ."

ಆಮೇಲೆ ನಾನು ಎಷ್ಟು ಗುದ್ದಿದರೂ, ಎಷ್ಟು ಕೂಗಿದರೂ, ಒಳಗಿನಿಂದ ಯಾರೂ ಓಗೊಡಲಿಲ್ಲ.